ಚಿತ್ರ ಬರೆದವನು ಎಲ್ಲಿ ನಿಂತಿದ್ದ? ಮೈಸೂರು ಯುದ್ಧಗಳ ಕಾಲದ ಸೈನಿಕ ಚಿತ್ರಕಾರರು

ಪರದೆಯ ಮೇಲಿರುವುದು ಸಾವನದುರ್ಗ. ಮಾಗಡಿ ಕಡೆಯವರು ಯಾರಾದರೂ ಇಲ್ಲಿದ್ದರೆ ನಾನು ಹೇಳುವ ಮೊದಲೇ ಗುರುತು ಹಿಡಿದಿರುತ್ತೀರಿ. ಇದನ್ನು ಬರೆದವನು ರಾಬರ್ಟ್ ಹೈಡ್ ಕೋಲ್‌ಬ್ರೂಕ್. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಅಧಿಕಾರಿ, ಸರ್ವೇ ಕೆಲಸದವನು. 1791ರ ಡಿಸೆಂಬರ್‌ನಲ್ಲಿ ಕಂಪನಿಯ ಸೈನ್ಯ ಈ ಬೆಟ್ಟವನ್ನು ಮುತ್ತಿತ್ತು. ಅದೇ ಮುತ್ತಿಗೆಯ ನೋಟ ಇದು, ಬೆಟ್ಟದ ಉತ್ತರ ದಿಕ್ಕಿನಿಂದ ಕಂಡದ್ದು.

ಒಂದು ನಿಮಿಷ ಸುಮ್ನೆ ನೋಡಿ. ಚೆನ್ನಾಗಿದೆ ಅಲ್ವಾ? ನನಗೂ ಚೆನ್ನಾಗಿದೆ ಅಂತಲೇ ಅನ್ನಿಸುತ್ತದೆ. ಬಂಡೆಯ ಮೈ, ಕೆಳಗಿನ ಕಾಡು, ಮೇಲಿನ ಬಯಲಾದ ಆಕಾಶ. ಬೆಂಗಳೂರಿನ ಎಷ್ಟೋ ಹೋಟೆಲು, ಆಫೀಸು, ಕ್ಲಬ್ಬುಗಳ ಗೋಡೆಯ ಮೇಲೆ ಇಂಥ ಚಿತ್ರಗಳ ಪ್ರತಿಗಳನ್ನು ತೂಗುಹಾಕಿದ್ದಾರೆ. ಕಾಫಿ ಕುಡಿಯುತ್ತಾ ನೋಡುತ್ತೇವೆ, 'ಹಳೇ ಮೈಸೂರು ಎಷ್ಟು ಚೆಂದ ಇತ್ತು' ಅನ್ನುತ್ತೇವೆ, ಎದ್ದು ಹೋಗುತ್ತೇವೆ.

ಇವತ್ತು ನಾನು ಒಂದೇ ಪ್ರಶ್ನೆ ಹಿಡಿದುಕೊಂಡು ಬಂದಿದ್ದೇನೆ. ಇದನ್ನು ಬರೆಯುವ ಹೊತ್ತಿಗೆ ಆ ಮನುಷ್ಯ ಎಲ್ಲಿ ನಿಂತಿದ್ದ? ಅಲ್ಲಿ ನಿಲ್ಲುವುದಕ್ಕೆ ಅವನಿಗೆ ಹೇಗೆ ಸಾಧ್ಯವಾಯಿತು? ಈ ಪ್ರಶ್ನೆ ಕೇಳುತ್ತಾ ಹೋದರೆ ಈ ಚಿತ್ರಗಳು ನಮ್ಮ ನಾಡಿನ ಬಗ್ಗೆ ಬಹಳ ಹೇಳುತ್ತವೆ. ಕೇಳದೆ ಹೋದರೆ ಗೋಡೆಯ ಅಲಂಕಾರವಾಗಿ ಉಳಿದುಬಿಡುತ್ತವೆ.

ಮೊದಲು ಒಂದು ಸಂಶಯ ಬಗೆಹರಿಸಿಕೊಳ್ಳೋಣ. ಬಂದೂಕು ಹಿಡಿಯುವವರಿಗೆ ಕುಂಚ ಹಿಡಿಯುವ ಹುಚ್ಚು ಎಲ್ಲಿಂದ ಬಂತು? ಹವ್ಯಾಸ ಇದ್ದವರು ಇದ್ದರು, ಆದರೆ ಬಹಳ ಜನಕ್ಕೆ ಅದು ಕೆಲಸದ ಭಾಗವಾಗಿತ್ತು. ಆಗ ಕ್ಯಾಮೆರಾ ಇಲ್ಲ. ಶತ್ರುವಿನ ಬೆಟ್ಟ ಹೇಗಿದೆ, ಏರುವ ದಾರಿ ಯಾವ ಕಡೆ, ಗೋಡೆ ಎಲ್ಲಿ ತಗ್ಗು, ನೀರು ಎಲ್ಲಿದೆ, ಇದೆಲ್ಲ ಸೇನಾಪತಿಯ ಡೇರೆಗೆ ಹೋಗಬೇಕು. ಬರೀ ಮಾತಿನಲ್ಲಿ ಹೇಳಿದರೆ ಸಾಲದು. ನಕ್ಷೆ ಬೇಕು. ನಕ್ಷೆಯ ಜೊತೆಗೆ, ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೇ ಬರೆದ ನೋಟವೂ ಬೇಕು. ನಕ್ಷೆ ದೂರ ಹೇಳುತ್ತದೆ, ನೋಟ ಎತ್ತರ ಹೇಳುತ್ತದೆ.

ಅದಕ್ಕೇ ಲಂಡನ್ನಿನ ಪಕ್ಕದ ವುಲಿಚ್‌ನಲ್ಲಿ 1741ರಲ್ಲಿ ಶುರುವಾದ ರಾಯಲ್ ಮಿಲಿಟರಿ ಅಕಾಡೆಮಿಯಲ್ಲಿ ಚಿತ್ರಕಲೆಯನ್ನೂ ಕಲಿಸುತ್ತಿದ್ದರು. ಫಿರಂಗಿ ದಳಕ್ಕೆ, ಎಂಜಿನಿಯರ್ ದಳಕ್ಕೆ ಹೋಗುವ ಹುಡುಗರು ಅಲ್ಲಿ ಗಣಿತ, ಕೋಟೆ ಕಟ್ಟುವ ವಿದ್ಯೆಯ ಜೊತೆಗೆ ಬೆಟ್ಟ, ಮರ, ನೆರಳು ಬರೆಯುವುದನ್ನೂ ಕಲಿಯಬೇಕಿತ್ತು. 1768ರಿಂದ ಹೆಚ್ಚುಕಡಿಮೆ 30 ವರ್ಷ ಅಲ್ಲಿ ಮುಖ್ಯ ಚಿತ್ರಕಲಾ ಮೇಷ್ಟ್ರಾಗಿದ್ದವನು ಪಾಲ್ ಸ್ಯಾಂಡ್‌ಬಿ. ಇಂಗ್ಲೆಂಡಿನ ಜಲವರ್ಣ ಚಿತ್ರದ ಇತಿಹಾಸದಲ್ಲಿ ಇವನದು ದೊಡ್ಡ ಹೆಸರು.

ಈ ಸ್ಯಾಂಡ್‌ಬಿಯ ಹಿನ್ನೆಲೆ ಕೇಳಬೇಕು ನೀವು. 1745ರಲ್ಲಿ ಸ್ಕಾಟ್ಲೆಂಡಿನಲ್ಲಿ ದಂಗೆ ಎದ್ದಿತು. ಅದನ್ನು ಹತ್ತಿಕ್ಕಿದ ಮೇಲೆ ಅಲ್ಲಿನ ಬೆಟ್ಟಗಾಡನ್ನೆಲ್ಲ ಅಳೆದು ನಕ್ಷೆ ಮಾಡಲು ಸೈನ್ಯ ಒಂದು ದೊಡ್ಡ ಸರ್ವೇ ನಡೆಸಿತು. ಗೊತ್ತಿಲ್ಲದ ಬೆಟ್ಟಗಳಲ್ಲಿ ಮತ್ತೆ ದಂಗೆಕೋರರನ್ನು ಹುಡುಕಾಡುವ ಪಾಡು ಬೇಡ ಅಂತ. ಆ ಸರ್ವೇಯಲ್ಲಿ ನಕ್ಷೆ ಬರೆಯುತ್ತಿದ್ದ ಹುಡುಗ ಈ ಸ್ಯಾಂಡ್‌ಬಿ. ಅಂದರೆ ಸೋತ ಜನರ ಬೆಟ್ಟಗಳನ್ನು ಬರೆಯುತ್ತಾ ಕೈ ಪಳಗಿಸಿಕೊಂಡವನು, ಆಮೇಲೆ ಒಂದು ತಲೆಮಾರಿನ ಸೈನಿಕರಿಗೆ ಬೆಟ್ಟ ಬರೆಯುವುದನ್ನು ಕಲಿಸಿದ. ಆ ತಲೆಮಾರು ನಮ್ಮ ಬೆಟ್ಟಗಳ ಮುಂದೆ ಬಂದು ನಿಂತಿತು. ನನಗೆ ಈ ಸಾಲು ಮರೆಯುವುದಕ್ಕೇ ಆಗುವುದಿಲ್ಲ.

ಬಣ್ಣದ ವಿಷಯವನ್ನೂ ಹೇಳಿಬಿಡುತ್ತೇನೆ. ಜಲವರ್ಣವನ್ನು ಯುದ್ಧಕ್ಕೆ ಹೊತ್ತೊಯ್ಯುವುದು ಮೊದಲು ಕಷ್ಟವಿತ್ತು. ಬಣ್ಣವನ್ನು ಅರೆಯಬೇಕು, ಗೋಂದು ಕಲಸಬೇಕು. ಲಂಡನ್ನಿನ ರೀವ್ಸ್ ಸಹೋದರರು ಬಣ್ಣವನ್ನು ಗಟ್ಟಿ ಬಿಲ್ಲೆ ಮಾಡಿ ಮಾರಲು ಶುರುಮಾಡಿದರು. 1781ರಲ್ಲಿ ಅವರಿಗೆ ಇದಕ್ಕಾಗಿ ಬಹುಮಾನವೂ ಬಂತು. ಕೈಯಷ್ಟು ಅಗಲದ ಪೆಟ್ಟಿಗೆ, ಒಂದು ಲೋಟ ನೀರು, ಕಾಗದ. ಇಷ್ಟಿದ್ದರೆ ಡೇರೆಯ ಬಾಗಿಲಲ್ಲಿ ಕೂತು ಬರೆಯಬಹುದು. ಮೂರನೇ ಮೈಸೂರು ಯುದ್ಧ ಶುರುವಾಗುವ ಹೊತ್ತಿಗೆ ಇದೆಲ್ಲ ಸಿಗುತ್ತಿತ್ತು.

ಈಗ ಯುದ್ಧ. ಇಸವಿಗಳನ್ನು ಬೇಗ ದಾಟಿಬಿಡೋಣ, ನಿಮಗೆ ಗೊತ್ತಿರುವುದೇ. 1790ರಲ್ಲಿ ಟಿಪ್ಪುವಿನ ವಿರುದ್ಧ ಯುದ್ಧ ಶುರುವಾಯಿತು. 1791ರ ಮಾರ್ಚ್‌ನಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರಿಗೆ ಬಂದ. 7ನೇ ತಾರೀಖು ಪೇಟೆ ಬಿತ್ತು. 21ರ ರಾತ್ರಿ ಕೋಟೆ ಬಿತ್ತು, ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಸತ್ತ. ಅಕ್ಟೋಬರ್‌ನಲ್ಲಿ ನಂದಿದುರ್ಗ, ಡಿಸೆಂಬರ್‌ನಲ್ಲಿ ಸಾವನದುರ್ಗ, ಅದರ ಬೆನ್ನಿಗೇ ಹುತ್ರಿದುರ್ಗ. 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆ. ಕೊನೆಗೆ ಒಪ್ಪಂದ: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಳುಗಳಾಗಿ ಟಿಪ್ಪುವಿನ ಇಬ್ಬರು ಗಂಡುಮಕ್ಕಳು.

ಈ ಸೈನ್ಯದ ಜೊತೆ ಬರೆಯುವ ಕೈಗಳು ಹಲವಾರು ಇದ್ದವು. ಅವರಲ್ಲಿ ನಾಲ್ವರ ಹೆಸರು ನೆನಪಿಡಿ. ಒಬ್ಬ ಕೋಲ್‌ಬ್ರೂಕ್, ಆಗಲೇ ಹೇಳಿದೆ. ಅವನು ಮೈಸೂರು ರಾಜ್ಯದ ಹನ್ನೆರಡು ನೋಟಗಳ ಸಂಪುಟ ತಂದ, ಮುಂದೆ ಬಂಗಾಳದ ಸರ್ವೇಯರ್ ಜನರಲ್ ಆದ. ಇನ್ನೊಬ್ಬ ಕ್ಯಾಪ್ಟನ್ ಅಲೆಗ್ಸಾಂಡರ್ ಅಲನ್. ಇವನೂ 1794ರಲ್ಲಿ ಮೈಸೂರು ಸೀಮೆಯ ನೋಟಗಳನ್ನು ಅಚ್ಚು ಹಾಕಿಸಿದ. ಮೂರನೆಯವನು ಲೆಫ್ಟಿನೆಂಟ್ ಜೇಮ್ಸ್ ಹಂಟರ್, ರಾಯಲ್ ಆರ್ಟಿಲರಿಯವನು, ಅಂದರೆ ಫಿರಂಗಿ ದಳ. ನಾಲ್ಕನೆಯವನು ರಾಬರ್ಟ್ ಹೋಮ್. ಇವನು ಸೈನಿಕ ಅಲ್ಲ, ಕಸುಬಿನ ಚಿತ್ರಕಾರ. ಕಾರ್ನ್‌ವಾಲಿಸ್ ಸೈನ್ಯದ ಜೊತೆಗೆ ಬಂದವನು. ಅವನ ಸಂಪುಟದಲ್ಲಿ 29 ಚಿತ್ರಗಳಿವೆ, ಮಾಗಡಿಯ ಗುಡಿಗಳೂ ಅದರಲ್ಲಿವೆ. ಹೋಮ್‌ನನ್ನು ಯಾಕೆ ಸೇರಿಸಿಕೊಂಡೆ ಅಂದರೆ, ಅವನ ಚಿತ್ರಗಳನ್ನೂ ಅಧಿಕಾರಿಗಳ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ, ನಿಂತ ಜಾಗ ಒಂದೇ ಥರದ್ದು. ಸೈನ್ಯ ಎಲ್ಲಿವರೆಗೆ ಹೋಯಿತೋ ಅಲ್ಲಿವರೆಗೆ ಮಾತ್ರ ಅವನಿಗೂ ದಾರಿ.

ಮತ್ತೆ ಸಾವನದುರ್ಗಕ್ಕೆ ಬರೋಣ. ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು ನೆತ್ತಿ, ನಡುವೆ ಒಂದು ಸೀಳು. ಸುತ್ತ ಆಗ ದಟ್ಟ ಬಿದಿರು ಕಾಡು. ಕಾಡು ಕಡಿದು, ದಾರಿ ಮಾಡಿ, ಭಾರದ ಫಿರಂಗಿಗಳನ್ನು ಎಳೆದು ತಂದರು. ಡಿಸೆಂಬರ್ 17ಕ್ಕೆ ಗುಂಡು ಹಾರಿಸಲು ಶುರುಮಾಡಿದರು. 21ಕ್ಕೆ ಗೋಡೆ ಒಡೆದ ಜಾಗದಿಂದ ನುಗ್ಗಿದರು. ಗೆಲ್ಲಲಾಗದ ಕೋಟೆ ಅಂತ ಹೆಸರು ಪಡೆದಿದ್ದ ದುರ್ಗ ಕೆಲವೇ ದಿನಗಳ ಹೊಡೆತಕ್ಕೆ ಕೈಬಿಟ್ಟಿತು.

ಈಗ ಚಿತ್ರದ ಹತ್ತಿರ ಬನ್ನಿ. ಇಂಥ ಬೆಟ್ಟವನ್ನು ಚೆನ್ನಾಗಿ ಬರೆಯಬೇಕಾದರೆ ಏನು ಬೇಕು? ಮುಂದೆ ಅಡ್ಡ ಏನೂ ಇರಬಾರದು. ಬೆಟ್ಟ ಪೂರ್ತಿ ಕಾಣುವಷ್ಟು ದೂರ ಇರಬೇಕು, ವಿವರ ಕಾಣುವಷ್ಟು ಹತ್ತಿರ ಇರಬೇಕು. ಸ್ವಲ್ಪ ದಿಬ್ಬವಾದರೆ ಇನ್ನೂ ಒಳ್ಳೆಯದು. ಕೋಟೆಯ ಮೇಲಿನಿಂದ ಬರುವ ಗುಂಡು ತಾಗಬಾರದು. ಈ ಪಟ್ಟಿಯನ್ನು ಒಬ್ಬ ಫಿರಂಗಿ ದಳದ ಅಧಿಕಾರಿಗೆ ಕೊಟ್ಟರೆ, ಫಿರಂಗಿ ನಿಲ್ಲಿಸಲು ಜಾಗ ಹುಡುಕುತ್ತಿದ್ದೀರಾ ಅಂತ ಕೇಳುತ್ತಾನೆ. ಚಿತ್ರಕ್ಕೆ ಒಳ್ಳೆಯ ಜಾಗ ಮತ್ತು ಹೊಡೆತಕ್ಕೆ ಒಳ್ಳೆಯ ಜಾಗ ಬಹಳ ಸಲ ಅಕ್ಕಪಕ್ಕದಲ್ಲೇ ಇರುತ್ತದೆ. ಒಂದೇ ಕಣ್ಣು ಎರಡೂ ಕೆಲಸ ಮಾಡುತ್ತಿತ್ತು.

ಇದರ ಜೊತೆಗೆ ಇನ್ನೊಂದು ಸಂಗತಿ ಸೇರಿಕೊಂಡಿತು. ಆಗ ಇಂಗ್ಲೆಂಡಿನಲ್ಲಿ ಪಿಕ್ಚರೆಸ್ಕ್ ಅನ್ನುವ ಒಂದು ಅಭಿರುಚಿ ಎದ್ದಿತ್ತು. ವಿಲಿಯಂ ಗಿಲ್ಪಿನ್ ಅನ್ನುವ ಪಾದ್ರಿ ವೈ ನದಿಯ ಪ್ರವಾಸದ ಬಗ್ಗೆ 1782ರಲ್ಲಿ ಬರೆದ ಪುಸ್ತಕ ಅದಕ್ಕೆ ದಾರಿ ತೋರಿಸಿತು. ನಿಸರ್ಗವನ್ನು ಚಿತ್ರದ ಹಾಗೆ ನೋಡಬೇಕು. ಮುಂದುಗಡೆ ಕತ್ತಲಾದ ಒಂದು ಮರ, ನಡುವೆ ಬೆಳಕು ಬಿದ್ದ ಬಯಲು ಅಥವಾ ನೀರು, ಹಿಂದೆ ನೀಲಿ ಬೆಟ್ಟ. ಪಾಳುಬಿದ್ದ ಗೋಡೆ ಇದ್ದರೆ ಬಹಳ ಒಳ್ಳೆಯದು. ನಮ್ಮ ದುರ್ಗಗಳು ಈ ಅಭಿರುಚಿಗೆ ಹೇಳಿ ಮಾಡಿಸಿದ ಹಾಗಿದ್ದವು. ನಾನು ಸಾವನದುರ್ಗದ ಕೆಳಗೆ ನಿಂತು ಚಿತ್ರದ ಪ್ರತಿ ಹಿಡಿದು ನೋಡಿದ್ದೇನೆ. ಬಂಡೆ ಕಾಗದದ ಮೇಲೆ ಇನ್ನೂ ಕಡಿದಾಗಿದೆ, ಇನ್ನೂ ಎತ್ತರವಾಗಿದೆ. ಭಯ ಹುಟ್ಟಿಸುವ ಬೆಟ್ಟವೇ ಚೆಂದ ಅನ್ನುವ ಅಭಿರುಚಿ ಒಂದು ಕಾರಣ. ಬೆಟ್ಟ ಎಷ್ಟು ಕಡಿದೋ ಗೆದ್ದವನ ಹೆಮ್ಮೆ ಅಷ್ಟು ಜಾಸ್ತಿ, ಇದು ಇನ್ನೊಂದು ಕಾರಣ ಅಂತ ನನ್ನ ಅಂದಾಜು.

ಇಲ್ಲಿ ಒಬ್ಬರು ಕೇಳಬಹುದು, ಹಾಗಾದರೆ ಇವು ನಂಬಲು ಯೋಗ್ಯವಲ್ಲವಾ ಅಂತ. ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಅದಕ್ಕೆ ಹಂಟರ್‌ನ ಚಿತ್ರಗಳನ್ನು ನೋಡಬೇಕು. ನನಗೆ ಈ ನಾಲ್ವರಲ್ಲಿ ಹಂಟರ್ ಮೇಲೆ ಪ್ರೀತಿ ಜಾಸ್ತಿ.

ಹಂಟರ್ ಬರೆದ ಬೆಂಗಳೂರಿನ ಚಿತ್ರಗಳು ಬೇರೆ ಥರ. ದೂರದ ಬೆಟ್ಟಗಳ ಜೊತೆಗೆ ಅವನು ಊರಿನ ಒಳಗೆ ಬರುತ್ತಾನೆ. ದೆಹಲಿ ಬಾಗಿಲು, ಅರಮನೆಗೆ ಹೋಗುವ ಬೀದಿ, ಅರಮನೆಯ ಮುಂದಿನ ಚೌಕ, ಒಂದು ಮಸೀದಿ. ಹೊಸೂರು ಬರೆದಿದ್ದಾನೆ, ಕೋಲಾರದ ಗೋರಿಗಳನ್ನು ಬರೆದಿದ್ದಾನೆ. ಟಿಪ್ಪುವಿನ ಸಿಪಾಯಿಗಳ ಉಡುಪನ್ನೂ ಬರೆದಿದ್ದಾನೆ. ಕೆ.ಆರ್. ಮಾರ್ಕೆಟ್ ಹತ್ತಿರ ಈಗ ನಿಂತಿರುವ ಕೋಟೆಯ ತುಣುಕು, ಪಕ್ಕದಲ್ಲಿರುವ ಟಿಪ್ಪು ಬೇಸಿಗೆ ಅರಮನೆ, ಇವೆರಡನ್ನು ಮಾತ್ರ ನೋಡಿದವರಿಗೆ ಆ ಕೋಟೆ ಎಷ್ಟು ದೊಡ್ಡದಿತ್ತು, ಅದರೊಳಗೆ ಬೀದಿಗಳು ಹೇಗಿದ್ದವು ಅನ್ನುವುದು ಊಹೆಗೂ ಬರುವುದಿಲ್ಲ. ಕೋಟೆಯ ಬಹುಭಾಗ ಹೋಗಿಬಿಟ್ಟಿದೆ. ಆ ಬೀದಿಯ ಒಂದು ನೋಟ ಬೇಕೆಂದರೆ ಹಂಟರ್ ಹತ್ತಿರವೇ ಹೋಗಬೇಕು. ಕಂಬಗಳ ಕಮಾನು, ಮರದ ಕೆತ್ತನೆ, ಗೋಡೆಯ ಮೇಲಿನ ಬಣ್ಣ, ಇವುಗಳನ್ನೆಲ್ಲ ಆಸೆಯಿಂದ ನೋಡಿ ಬರೆದಿದ್ದಾನೆ. ಆ ಆಸೆ ಸುಳ್ಳಲ್ಲ.

ಈಗ ನಮ್ಮ ಪ್ರಶ್ನೆ ಕೇಳೋಣ. ಅರಮನೆಯ ಅಂಗಳದಲ್ಲಿ ಒಬ್ಬ ಬ್ರಿಟಿಷ್ ಲೆಫ್ಟಿನೆಂಟ್ ನಿಶ್ಚಿಂತೆಯಿಂದ ಕೂತು ಬರೆಯಲು ಹೇಗಾಯಿತು? ಮಾರ್ಚ್ 21ರ ರಾತ್ರಿಯಿಂದಾಗಿ. ಆ ರಾತ್ರಿ ಕೋಟೆಯೊಳಗೆ ಸಾವಿರದಷ್ಟು ಜನ ಸತ್ತರು ಅಂತ ಗೆದ್ದವರ ಬರಹಗಳೇ ಹೇಳುತ್ತವೆ. ಅದಾದ ಮೇಲೆ ಕೋಟೆ ಕಂಪನಿಯ ಠಾಣೆಯಾಯಿತು. ಹಂಟರ್‌ನ ಬೀದಿಯಲ್ಲಿ ಜನ ಓಡಾಡುತ್ತಿದ್ದಾರೆ, ಬಿಸಿಲಿದೆ, ನೆರಳಿದೆ. ನೀವು ಕೋಟೆಯ ಗೋಡೆಗೆ ಹಾಕಿರುವ ಕಲ್ಲಿನ ಫಲಕ ನೋಡಿದ್ದೀರಿ ಅಂದುಕೊಳ್ಳುತ್ತೇನೆ. 1791ರ ಮಾರ್ಚ್ 21ರಂದು ಇಲ್ಲೇ ಗೋಡೆ ಒಡೆದು ನುಗ್ಗಿದ್ದು ಅಂತ ಅದರಲ್ಲಿದೆ. ಹಂಟರ್‌ನ ಬೀದಿಯ ಚಿತ್ರವನ್ನು ಆ ಫಲಕದ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಒಂದೇ ದಾಖಲೆಯ ಎರಡು ಪುಟ.

ಹಂಟರ್ 1792ರಲ್ಲೇ ತೀರಿಕೊಂಡ. ಅವನ ಚಿತ್ರಗಳು ಲಂಡನ್ನಿನಲ್ಲಿ ಪುಸ್ತಕವಾಗಿ ಬಂದದ್ದು 1804-05ರ ಸುಮಾರಿಗೆ, ಎಡ್ವರ್ಡ್ ಓರ್ಮ್ ಅನ್ನುವ ಪ್ರಕಾಶಕನಿಂದ. ತನ್ನ ಚಿತ್ರಗಳು ಅಚ್ಚಾದದ್ದನ್ನು ಅವನು ನೋಡಲಿಲ್ಲ.

ಮುಂದಿನ ಚಿತ್ರ ಶ್ರೀರಂಗಪಟ್ಟಣದ್ದು. ಹೈದರನ ಗುಂಬಜ್. ಗಂಜಾಂ ಕಡೆ, ಅಲ್ಲಿನ ಲಾಲ್‌ಬಾಗ್ ಒಳಗೆ. ಕೋಲ್‌ಬ್ರೂಕ್ ಬರೆದಿದ್ದಾನೆ, ಹೋಮ್ ಕೂಡ ಬರೆದಿದ್ದಾನೆ. ಸುತ್ತ ತೋಟ, ನಡುವೆ ಗುಮ್ಮಟ. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸ್‌ನ ಸೈನ್ಯ ಕಾವೇರಿ ದಾಟಿ ದ್ವೀಪದ ಪೂರ್ವ ಭಾಗವನ್ನು ಹಿಡಿಯಿತು. ಕೋಟೆ ಇನ್ನೂ ಟಿಪ್ಪುವಿನ ಕೈಯಲ್ಲೇ ಇತ್ತು. ತೋಟ, ಅದರ ಅರಮನೆ, ಹೈದರನ ಗೋರಿ ಮಾತ್ರ ಮುತ್ತಿಗೆ ಹಾಕಿದವರ ಪಾಲಾದವು.

ಮುತ್ತಿಗೆಗೆ ಏನು ಬೇಕು ಗೊತ್ತಾ? ಮರ. ಕೋಟೆಯ ಕಡೆಗೆ ಅಗೆದುಕೊಂಡು ಹೋಗುವ ಗುಂಡಿಗಳ ಅಂಚಿಗೆ, ಫಿರಂಗಿಗಳ ಮರೆಗೆ ಕೊಂಬೆಗಳ ದೊಡ್ಡ ದೊಡ್ಡ ಕಂತೆಗಳು, ಹೆಣೆದ ಬುಟ್ಟಿಗಳು ಬೇಕು. ಸಾವಿರಗಟ್ಟಲೆ ಬೇಕು. ಹತ್ತಿರದಲ್ಲೇ ಸಿಕ್ಕಿದ್ದು ಸುಲ್ತಾನನ ತೋಟ. ಸೈಪ್ರಸ್ ಮರಗಳ ಸಾಲುಗಳನ್ನು, ಹಣ್ಣಿನ ಮರಗಳನ್ನು ಕಡಿದರು. ತೋಟದ ಕಟ್ಟಡಗಳನ್ನು ಗಾಯಾಳುಗಳ ಆಸ್ಪತ್ರೆ ಮಾಡಿಕೊಂಡರು. ತಂದೆಯ ಸಮಾಧಿಯ ಸುತ್ತ ಮಗ ಬೆಳೆಸಿದ ತೋಟ ಅದು. ಕೋಟೆಯ ಗೋಡೆಯ ಮೇಲೆ ನಿಂತವರಿಗೆ ಮರ ಬೀಳುವುದು ಕಾಣುತ್ತಿತ್ತು. ಅಷ್ಟು ಹತ್ತಿರ. ಅದೇ ವಾರಗಳಲ್ಲಿ, ಅದೇ ಶಿಬಿರದ ಕೈಗಳು ಆ ತೋಟವನ್ನು ಕಾಗದದ ಮೇಲೆ ಚೆಂದವಾಗಿ ಬರೆಯುತ್ತಿದ್ದವು. ಈ ಚಿತ್ರಗಳನ್ನು ನಾನು ಬಹಳ ಹೊತ್ತು ನೋಡುತ್ತಾ ಕೂರುತ್ತೇನೆ, ಯಾವ ಮರ ಆಗ ಇನ್ನೂ ನಿಂತಿತ್ತು ಅಂತ.

ಹಾಗೇ ಇಲ್ಲದಿರುವುದನ್ನೂ ನೋಡಬೇಕು. 1791ರ ಮೇ ತಿಂಗಳು ನೆನಪಿಸಿಕೊಳ್ಳಿ. ಕಾರ್ನ್‌ವಾಲಿಸ್ ಬೆಂಗಳೂರಿನಿಂದ ಕನಕಪುರದ ದಾರಿ ಹಿಡಿದು ಶ್ರೀರಂಗಪಟ್ಟಣದ ಹತ್ತಿರದ ಅರಕೆರೆವರೆಗೆ ಹೋದ. ಟಿಪ್ಪುವಿನ ಕಡೆಯವರು ದಾರಿಯಲ್ಲಿ ಮೇವನ್ನೇ ಉಳಿಸಿರಲಿಲ್ಲ. ಮಳೆ ಹಿಡಿಯಿತು. ಎತ್ತುಗಳು ಸಾಯತೊಡಗಿದವು. 15ರಂದು ಅರಕೆರೆಯಲ್ಲಿ ಕಾಳಗ ಗೆದ್ದರೂ ಮುಂದೆ ಹೋಗಲು ಆಗಲಿಲ್ಲ. ಎಳೆಯಲು ಎತ್ತಿಲ್ಲದೆ, ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ತಾವೇ ಒಡೆದುಹಾಕಿ ಹಿಂದಿರುಗಿದರು. ಆ ಸೈನ್ಯಕ್ಕೆ ಎತ್ತಿನ ಮೇಲೆ ಧಾನ್ಯ ಹೊತ್ತು ತರುತ್ತಿದ್ದವರು ಲಂಬಾಣಿ ವ್ಯಾಪಾರಿಗಳು. ನಾನು ನೋಡಿದ ಸಂಪುಟಗಳಲ್ಲಿ ಆ ಕೆಸರಿನ ದಾರಿ ಇಲ್ಲ. ಸತ್ತ ಎತ್ತುಗಳಿಲ್ಲ. ಹಿಂದಿರುಗುವ ಸೈನ್ಯ ಇಲ್ಲ. ಚಿತ್ರಗಳ ಮುಂಭಾಗದಲ್ಲಿ ನಮ್ಮ ಜನ ಇದ್ದಾರೆ, ಕೋಲು ಹಿಡಿದು ನಿಂತವನು, ಕೊಡ ಹೊತ್ತವಳು, ಒಂದೆರಡು ದನ. ಬೆಟ್ಟ ಎಷ್ಟು ದೊಡ್ಡದು ಅಂತ ತೋರಿಸಲು ಅವರನ್ನು ಅಳತೆಗೋಲಿನ ಥರ ನಿಲ್ಲಿಸಿದ್ದಾರೆ. ಫಿರಂಗಿ ಎಳೆದವರು, ಕಾಡು ಕಡಿದವರು, ದಾರಿ ತೋರಿಸಿದ ಹರಿಕಾರರು ಕಾಣುವುದು ಬಹಳ ಅಪರೂಪ.

ಈ ಮೂರನೇ ಯುದ್ಧ ಮುಗಿದು ಎಂಟು ವರ್ಷಕ್ಕೆ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಈ ಸೀಮೆಯಲ್ಲೆಲ್ಲ ಓಡಾಡಿದ. ಕಂಪನಿಯೇ ಕಳಿಸಿದ ಡಾಕ್ಟರು. ಯುದ್ಧಗಳಿಂದ ಪಾಳುಬಿದ್ದ ಹಳ್ಳಿ, ಕೃಷಿ ನಿಂತುಹೋದ ಹೊಲಗಳ ಬಗ್ಗೆ ದಾರಿಯುದ್ದಕ್ಕೂ ಬರೆದಿದ್ದಾನೆ. ಇವನ ಬರಹವನ್ನು ಓದಿ ಆಮೇಲೆ ಈ ಚಿತ್ರಗಳ ಹಸಿರು ಬಯಲು ನೋಡಬೇಕು.

ಈ ಚಿತ್ರಗಳು ಲಂಡನ್ನಿಗೆ ಹೋದ ಮೇಲೆ ಏನಾಯಿತು ಅನ್ನುವುದು ಇನ್ನೊಂದು ಕಥೆ. ಅಲ್ಲಿ ಅಕ್ವಾಟಿಂಟ್ ಅನ್ನುವ ಅಚ್ಚಿನ ವಿಧಾನ ಜನಪ್ರಿಯವಾಗಿತ್ತು. ಇಂಗ್ಲೆಂಡಿನಲ್ಲಿ ಅದನ್ನು ಬಳಕೆಗೆ ತಂದವರಲ್ಲಿ ನಮ್ಮ ಸ್ಯಾಂಡ್‌ಬಿಯೇ ಮೊದಲಿಗ. ತಾಮ್ರದ ತಗಡಿನ ಮೇಲೆ ರಾಳದ ಪುಡಿಯನ್ನು ರಂಗೋಲಿ ಪುಡಿ ಉದುರಿಸಿದ ಹಾಗೆ ಉದುರಿಸುತ್ತಾರೆ. ಬಿಸಿ ಮಾಡಿದರೆ ಅಂಟಿಕೊಳ್ಳುತ್ತದೆ. ಆಮ್ಲದಲ್ಲಿ ಅದ್ದಿದಾಗ ಕಣಗಳ ನಡುವಿನ ತಾಮ್ರ ಮಾತ್ರ ತಿಂದುಹೋಗುತ್ತದೆ. ಎಷ್ಟು ಹೊತ್ತು ಅದ್ದುತ್ತೀರೋ ಅಷ್ಟು ಕಪ್ಪು. ಹೀಗೆ ಜಲವರ್ಣದ ತಿಳಿ ನೆರಳನ್ನು ಅಚ್ಚಿನಲ್ಲಿ ತರಬಹುದು, ಆಮೇಲೆ ಕೈಯಿಂದ ಬಣ್ಣ ತುಂಬಬಹುದು. ತಗಡು ಕೊರೆಯುವವನು ಮೈಸೂರು ನೋಡಿದವನಲ್ಲ, ಬಣ್ಣ ತುಂಬುವವರೂ ನೋಡಿದವರಲ್ಲ. ನಮ್ಮ ಬೆಟ್ಟಗಳ ಮೇಲಿನ ಆಕಾಶ ಕೆಲವು ಸಲ ಇಂಗ್ಲೆಂಡಿನ ಆಕಾಶದ ಥರ ಇರುವುದಕ್ಕೆ ಇದೂ ಒಂದು ಕಾರಣ.

ಕೊಳ್ಳುವ ಜನ ಬೇಕಾದಷ್ಟಿದ್ದರು. ಈ ಕಾರ್ನ್‌ವಾಲಿಸ್ 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಶರಣಾದವನು. ಅಮೆರಿಕ ಕಳೆದುಕೊಂಡ ನಾಡಿಗೆ ಮೈಸೂರಿನ ಗೆಲುವು ಬಹಳ ಬೇಕಾಗಿತ್ತು. 1799ರಲ್ಲಿ ಟಿಪ್ಪು ಸತ್ತ ಸುದ್ದಿ ಹೋದ ಮೇಲಂತೂ ಕೇಳುವುದೇ ಬೇಡ. 1800ರಲ್ಲಿ ರಾಬರ್ಟ್ ಕೆರ್ ಪೋರ್ಟರ್ ಅನ್ನುವ ಯುವಕ ಶ್ರೀರಂಗಪಟ್ಟಣದ ದಾಳಿಯನ್ನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಬರೆದು ಲಂಡನ್ನಿನ ಲೈಸಿಯಂನಲ್ಲಿ ಪ್ರದರ್ಶನಕ್ಕಿಟ್ಟ. ಜನ ದುಡ್ಡು ಕೊಟ್ಟು ನೋಡಿದರು. ಆಗ ಇನ್ನೂ ಇಪ್ಪತ್ತೈದರ ಆಸುಪಾಸಿನಲ್ಲಿದ್ದ ಟರ್ನರ್, ಹೌದು, ಇಂಗ್ಲೆಂಡಿನ ಅತಿ ದೊಡ್ಡ ನಿಸರ್ಗ ಚಿತ್ರಕಾರ ಅಂತ ಮುಂದೆ ಹೆಸರಾದ ಟರ್ನರ್, ಅವನೂ ಶ್ರೀರಂಗಪಟ್ಟಣದ ಮುತ್ತಿಗೆಯ ಜಲವರ್ಣ ಬರೆದಿದ್ದಾನೆ. ಇಬ್ಬರೂ ಆ ಹೊತ್ತಿಗೆ ಭಾರತಕ್ಕೆ ಬಂದವರೇ ಅಲ್ಲ. ಸೈನಿಕರು ಕಳಿಸಿದ ನೋಟಗಳೇ ಅಲ್ಲಿನ ಕಲ್ಪನೆಗೆ ಆಧಾರ.

ಅಂದಹಾಗೆ, ಕ್ಯಾಪ್ಟನ್ ಅಲನ್‌ನನ್ನು ಮರೆಯಬೇಡಿ ಅಂದಿದ್ದೆ. 1799ರ ಮೇ 4ರಂದು, ಕೋಟೆ ಬಿದ್ದ ಮಧ್ಯಾಹ್ನ, ಬಿಳಿ ಬಾವುಟ ಹಿಡಿದು ಅರಮನೆಯೊಳಗೆ ಹೋಗಿ ಟಿಪ್ಪುವಿನ ಮಕ್ಕಳ ಜೊತೆ ಮಾತಾಡಿದ ಮೇಜರ್ ಅಲನ್ ಇವನೇ. ಆ ರಾತ್ರಿ ಹೆಣಗಳ ರಾಶಿಯಲ್ಲಿ ಸುಲ್ತಾನನ ದೇಹ ಹುಡುಕಿದಾಗಲೂ ಅಲ್ಲಿದ್ದ. ಅದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಮುಂದೆ ಕಂಪನಿಯ ನಿರ್ದೇಶಕನೂ ಆದ. ಇನ್ನೊಬ್ಬ ಕ್ಯಾಪ್ಟನ್ ಇದ್ದ, ಮುಂಬೈ ಸೈನ್ಯದ ರಾಬರ್ಟ್ ಮೆಲ್ವಿಲ್ ಗ್ರಿಂಡ್ಲೆ. ಪಶ್ಚಿಮ ಭಾರತದ ದೃಶ್ಯಗಳ ಸಂಪುಟವನ್ನು 1826ರಿಂದ ಹೊರತಂದ. ನಿಮ್ಮಲ್ಲಿ ವಯಸ್ಸಾದವರಿಗೆ ಗ್ರಿಂಡ್ಲೇಸ್ ಬ್ಯಾಂಕ್ ನೆನಪಿರಬೇಕು. ಅದನ್ನು ಶುರುಮಾಡಿದವನು ಇದೇ ಚಿತ್ರಕಾರ. ಕುಂಚ ಹಿಡಿದವರು ಅಧಿಕಾರದಿಂದ ದೂರ ಇದ್ದ ಬಡಪಾಯಿಗಳು ಅಂತ ತಿಳಿಯಬಾರದು ಅಂತ ಇದನ್ನು ಹೇಳಿದೆ.

ಇದೇ ಕಾಲದಲ್ಲಿ ನಮ್ಮ ಕಡೆಯ ಚಿತ್ರಕಾರರು ಏನು ಮಾಡುತ್ತಿದ್ದರು? ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ. 1784ರಲ್ಲಿ ಮುಗಿದ ಅರಮನೆ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಲಿಲೂರು ಯುದ್ಧ ಇದೆ, ಹೈದರ್ ಮತ್ತು ಟಿಪ್ಪು ಗೆದ್ದದ್ದು. ಸೋತ ಕಂಪನಿ ಸೈನ್ಯದ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಸುತ್ತ ಅವನ ಸೈನಿಕರ ಚೌಕ, ಮದ್ದಿನ ಬಂಡಿ ಸಿಡಿಯುತ್ತಿದೆ, ನಾಲ್ಕೂ ಕಡೆಯಿಂದ ಕುದುರೆಗಳು. ಈ ಬಣ್ಣ ಪೂರ್ತಿ ಮೊದಲಿನದಲ್ಲ. ಟಿಪ್ಪು ಸತ್ತ ಮೇಲೆ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಅಲ್ಲಿದ್ದಾಗ ಒಮ್ಮೆ, 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಹೇಳಿದ ಮೇಲೆ ಇನ್ನೊಮ್ಮೆ ಮತ್ತೆ ಬರೆಸಿದ್ದಾರೆ. ಆದರೂ ಜೋಡಣೆ ಹಳೆಯದೇ. ಅದರ ಮುಂದೆ ನಿಂತು ನಮ್ಮ ಪ್ರಶ್ನೆ ಕೇಳಿ. ಬರೆದವನು ಎಲ್ಲಿ ನಿಂತಿದ್ದ? ಉತ್ತರ ಸಿಗುವುದಿಲ್ಲ. ಅವನು ಒಂದು ಕಡೆ ನಿಂತಿಲ್ಲ. ಎಲ್ಲ ಕಡೆಯಿಂದಲೂ ನೋಡುತ್ತಿದ್ದಾನೆ. ದೂರದ ನೀಲಿ ಬೆಟ್ಟಕ್ಕೆ ಅಲ್ಲಿ ಕೆಲಸವಿಲ್ಲ. ಗೋಡೆ ತುಂಬ ಮನುಷ್ಯರು, ಆನೆ, ಕುದುರೆ. ಯಾರು ಯಾರನ್ನು ಕೊಲ್ಲುತ್ತಿದ್ದಾರೆ ಅನ್ನುವುದು ಸ್ಪಷ್ಟ. ಇದೂ ಗೆದ್ದವರ ಚಿತ್ರವೇ, ಸಂಶಯ ಬೇಡ. ಆದರೆ ಯುದ್ಧವನ್ನು ನಿಸರ್ಗದ ಹಿಂದೆ ಮರೆಮಾಡಿಲ್ಲ. ಅಧಿಕಾರಿಗಳ ಸಂಪುಟ ನೋಡಿದವರು ಆಮೇಲೆ ಈ ಗೋಡೆಯನ್ನೂ ನೋಡಲೇಬೇಕು ಅನ್ನುತ್ತೇನೆ.

ಕೊನೆಗೆ ಕಾಲಿನ್ ಮೆಕೆಂಜಿ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. ಮದ್ರಾಸ್ ಸೈನ್ಯದ ಎಂಜಿನಿಯರ್, 1792, 1799ರ ಶ್ರೀರಂಗಪಟ್ಟಣದ ಎರಡೂ ಮುತ್ತಿಗೆಗಳಲ್ಲಿ ಇದ್ದವನು. 1799ರ ನಂತರ ಸುಮಾರು ಹತ್ತು ವರ್ಷ ಮೈಸೂರಿನ ಸರ್ವೇ ಅವನದೇ. ಅವನಲ್ಲಿ ಒಂದು ಬದಲಾವಣೆ ಕಾಣುತ್ತದೆ. ಅವನಿಗೆ ಕೋಟೆಯ ನೋಟ ಸಾಲಲಿಲ್ಲ. ಶಾಸನ, ವೀರಗಲ್ಲು, ಗುಡಿಯ ಕಂಬ, ಜೈನ ಬಸದಿ, ಊರಿನ ಕೈಫಿಯತ್ತು, ಅಂದರೆ ಊರಿನವರು ಹೇಳಿ ಬರೆಸಿದ ಸ್ಥಳದ ಇತಿಹಾಸ, ಎಲ್ಲ ಬೇಕು. ಹಂಪಿಯ ಅಳತೆ ಮಾಡಿಸಿ ನಕ್ಷೆ ತಯಾರಿಸಿದ. ಅವನ ಸಂಗ್ರಹದ ಸಾವಿರಕ್ಕೂ ಹೆಚ್ಚು ಚಿತ್ರಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಈ ಕೆಲಸ ಅವನೊಬ್ಬನಿಂದ ಆದದ್ದಲ್ಲ. ಕಾವಲಿ ವೆಂಕಟ ಬೋರಯ್ಯ, ಅವರ ತಮ್ಮ ಲಕ್ಷ್ಮಯ್ಯ ಊರೂರು ತಿರುಗಿ, ಜನರ ಜೊತೆ ಮಾತಾಡಿ, ಓದಿಸಿ, ಬರೆಸಿಕೊಂಡರು. ನಮ್ಮ ಜನರ ಕೈ ಈ ಕೆಲಸದ ಒಳಗಿದೆ ಅನ್ನುವುದು ಇಲ್ಲಿ ಹೆಸರು ಸಮೇತ ಸಿಗುತ್ತದೆ.

ಆಮೇಲೆ ಕುಂಚದ ಜಾಗಕ್ಕೆ ಕ್ಯಾಮೆರಾ ಬಂತು. ಹಿಡಿದವರು ಮತ್ತೆ ಅಧಿಕಾರಿಗಳೇ. 1854ರಲ್ಲಿ ಮದ್ರಾಸ್ ಸೈನ್ಯದ ಲಿನಿಯಸ್ ಟ್ರೈಪ್ ಮತ್ತು ಡಾಕ್ಟರ್ ನೀಲ್ ಬೇಲೂರು, ಹಳೇಬೀಡಿನ ಫೋಟೋ ತೆಗೆದರು. 1855ರಲ್ಲಿ ಮುಂಬೈ ಫಿರಂಗಿ ದಳದ ಥಾಮಸ್ ಬಿಗ್ಸ್ ಬಿಜಾಪುರ, ಬಾದಾಮಿ, ಐಹೊಳೆಗೆ ಹೋದ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದ. ಆ ಫೋಟೋಗಳನ್ನು ಇಟ್ಟುಕೊಂಡೇ ಹಂಪಿಯಲ್ಲಿ ಏನು ಬಿದ್ದಿದೆ, ಏನನ್ನು ಮತ್ತೆ ಕಟ್ಟಿದ್ದಾರೆ ಅಂತ ಈಗ ಹೋಲಿಸಿ ನೋಡುತ್ತಾರೆ.

ನಿಮ್ಮಲ್ಲಿ ಕೆಲವರು ಶಾಲೆಯಲ್ಲಿ ಪಾಠ ಮಾಡುವವರಿದ್ದೀರಿ. ನಿಮಗೊಂದು ಕೆಲಸ ಹೇಳುತ್ತೇನೆ. ಈ ಚಿತ್ರಗಳ ಶೀರ್ಷಿಕೆ ಗಮನಿಸಿ. 'ಉತ್ತರದ ನೋಟ', 'ಪೂರ್ವದ ನೋಟ' ಅಂತ ಬಹಳ ಸಲ ದಿಕ್ಕು ಇರುತ್ತದೆ. ಸರ್ವೇಯರ್‌ಗಳ ಅಭ್ಯಾಸ ಅದು. ಹಾಗಾಗಿ ಅವರು ನಿಂತ ಜಾಗವನ್ನು ಈಗಲೂ ಹುಡುಕಬಹುದು. ಇಂಟರ್‌ನೆಟ್ಟಿನಲ್ಲಿ ಸಿಗುವ ಪ್ರತಿ ಒಂದನ್ನು ಅಚ್ಚು ಹಾಕಿಸಿಕೊಂಡು ಮಕ್ಕಳನ್ನು ಸಾವನದುರ್ಗಕ್ಕೋ, ಶಿವಗಂಗೆಗೋ, ನಂದಿಗೋ ಕರೆದುಕೊಂಡು ಹೋಗಿ. ಬೆಟ್ಟದ ಸಾಲು ಕಾಗದದ ಸಾಲಿಗೆ ಕೂಡುವವರೆಗೆ ನಡೆಯಿರಿ. ಕೂಡಿದ ಜಾಗದ ಗುರುತು ಹಾಕಿಕೊಳ್ಳಿ. ಅಲ್ಲಿಂದ ಕೋಟೆಯ ಒಡೆದ ಗೋಡೆ ಎಷ್ಟು ದೂರ, ಯಾವ ಕಡೆ ಅಂತ ಮಕ್ಕಳ ಕೈಲೇ ಅಳೆಸಿ. ಹತ್ತಿರದ ಹಳ್ಳಿಯ ಹಿರಿಯರನ್ನು ಮಾತಾಡಿಸಿ, ಆ ದಿಬ್ಬಕ್ಕೆ ಅವರು ಏನು ಹೆಸರು ಹೇಳುತ್ತಾರೆ, ಆ ಹೆಸರಿಗೆ ಕಥೆ ಇದೆಯಾ ಅಂತ ಕೇಳಿ ಬರೆದುಕೊಳ್ಳಿ. ಕೋಲ್‌ಬ್ರೂಕ್, ಹೋಮ್ ಇಬ್ಬರೂ ಸಾವನದುರ್ಗ ಬರೆದಿದ್ದಾರೆ, ಅಲ್ಲಿಂದಲೇ ಶುರುಮಾಡಬಹುದು. ಮಳೆಗಾಲ ಕಳೆದು ನವೆಂಬರ್, ಡಿಸೆಂಬರ್‌ನಲ್ಲಿ ಹೋದರೆ ಒಳ್ಳೆಯದು. ಅವರು ಬರೆದದ್ದೂ ಆ ತಿಂಗಳಲ್ಲೇ, ಬೆಳಕೂ ಹೊಂದುತ್ತದೆ.